ನೀಲಿ ಹೂವಿಗೆ ಭಯವಿಲ್ಲ

ಆ ಭಾನುವಾರ ಬೆಳಿಗ್ಗೆ ಅಕ್ಕ ಬದುವಿನ ಮೇಲೆ ಕುಳಿತು, ಕಪ್ಪು ಕನ್ನಡಕದೊಳಗಿಂದಲೇ ನನ್ನನ್ನು ಬೈಯುತ್ತಿದ್ದಳು. ಅವಳ ಕಣ್ಣಿನ ಪೊರೆ ತೆಗೆಸಿ ಹನ್ನೆರಡು ದಿನವಾಗಿತ್ತು. ಒಂದು ತಿಂಗಳು ಒಲೆಯ ಹೊಗೆಗೆ ಹೋಗಬೇಡಿ, ತಲೆ ಬಗ್ಗಿಸಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಎರಡು ದಿನ ಅಡುಗೆ ಮಾಡಿಕೊಟ್ಟು ಬರೋಣವೆಂದು ನಾನು ಜಗಳೂರಿನಿಂದ ಶುಕ್ರವಾರ ಸಂಜೆ ಹೊರಟು, ದಾವಣಗೆರೆ, ಹೊನ್ನಾಳಿ, ನ್ಯಾಮತಿ ಎಂದು ಬಸ್ಸು ಬದಲಿಸುತ್ತ ಸವಳಂಗದ ಹತ್ತಿರ ಇರುವ ಅವಳ ಊರಿಗೆ ಬಂದಿದ್ದೆ. ಜಗಳೂರಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವುದು ನನ್ನ ಕೆಲಸ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ವಾಪಸು ಹೊರಡಬೇಕಿತ್ತು.

"ಭಾರಿ ಹೀರೋಯಿನ್ ಕಂಡಂಗೆ ಕಾಣ್ತೀಯ ಬಿಡಕ್ಕ" ಎಂದೆ. "ಈ ಕನ್ನಡಕ ಹಾಕ್ಕೊಂಡು ಸಂತೆಗೆ ಹೋದ್ರೆ ಜನ ಫೋಟೋ ತೆಗಿಯಾಕೆ ಬರ್ತಾರೆ."

"ಫೋಟೋ ಹಂಗಿರ್ಲಿ, ನೀನು ಸರಿಯಾಗಿ ಬಗ್ಗು. ಹಾಸ್ಟೆಲ್ ಅನ್ನ ತಿಂದು ತಿಂದು ಸೊಂಟ ದಪ್ಪಗಾಗೈತೆ, ನೆಲಾನೇ ಸಿಗ್ತಿಲ್ಲ ನಿಂಗೆ."

ಮೆಕ್ಕೆಜೋಳ ಮುರಿದು ಮುಗಿದಿತ್ತು. ಕೂಳೆಯ ಸಾಲಿನ ನಡುವೆ, ಇಬ್ಬನಿಯ ತೇವ ಇನ್ನೂ ಇದ್ದ ಕಡೆ ಬೆರಕೆ ಸೊಪ್ಪು ಹಬ್ಬಿತ್ತು. ಬೆರಕೆ ಸೊಪ್ಪೆಂದರೆ ಹೊಲದಲ್ಲಿ ತಾನಾಗಿ ಬರುವ ಎಂಟು ಹತ್ತು ಬಗೆಯ ಸೊಪ್ಪು. ಅಣ್ಣೆ, ಗೋಣಿ, ಕಾಕಿ, ಹೊನಗೊನ್ನೆ, ಕನ್ನೆ, ಹೀಗೆ ಏನು ಸಿಕ್ಕರೆ ಅದನ್ನು ಒಂದೊಂದು ಹಿಡಿ ಕಿತ್ತು ಒಟ್ಟಿಗೆ ಬೇಯಿಸುವುದು. ನಮ್ಮ ಕಡೆ ಸೊಪ್ಪು ಕೀಳಲು ಯಾರನ್ನೂ ಕೇಳುವ ಪದ್ಧತಿಯಿಲ್ಲ. ಹೊಲ ಯಾರದಾದರೂ ಸರಿ, ಹೆಂಗಸರು ಮಡಿಲು ಕಟ್ಟಿಕೊಂಡು ಇಳಿಯಬಹುದು. "ಸೊಪ್ಪಿಗೆ ಬದು ಇಲ್ಲ" ಎನ್ನುತ್ತಿದ್ದಳು ಅವ್ವ.

ಅವ್ವ ಇನ್ನೊಂದು ಮಾತನ್ನೂ ಹೇಳುತ್ತಿದ್ದಳು. "ಹಳದಿ ಹೂವು ಕಂಡ್ರೆ ಕೇಳಿ ಕೀಳ್ರಿ. ನೀಲಿ ಹೂವಿಗೆ ಭಯ ಇಲ್ಲ." ಹಳದಿಯಲ್ಲಿ ಮುಳ್ಳಿನ ದತ್ತೂರಿಯಂಥ ವಿಷದವು ಇದ್ದವು. ಸಣ್ಣ ಹುಡುಗಿಯರ ಕೈಗೆ ಎಟುಕುವ ಎತ್ತರದಲ್ಲಿ ನೀಲಿ ಎಂದರೆ ಕನ್ನೆ ಸೊಪ್ಪಿನ ಹೂವು ಒಂದೇ. ಸಾಸ್ವೆಹಳ್ಳಿ ಹತ್ತಿರದ ನಮ್ಮ ತವರಿನ ಹೊಲದಲ್ಲಿ ನಾವಿಬ್ಬರೂ ಆ ಮಾತು ಹಿಡಿದೇ ಸೊಪ್ಪು ಕಲಿತವರು. ನಾನು ಹತ್ತನೇ ತರಗತಿ ಪಾಸು ಮಾಡಿದ್ದೇನೆ, ಅಕ್ಕ ನಾಲ್ಕಕ್ಕೆ ಬಿಟ್ಟಳು. ಸೊಪ್ಪಿನ ವಿಷಯಕ್ಕೆ ಬಂದರೆ ಅವಳೇ ಹೆಚ್ಚು ಓದಿದವಳು.

ಬದುವಿನ ಮಗ್ಗುಲಲ್ಲಿ, ಹುಣಸೆ ಮರದ ಹತ್ತಿರ, ನೆಲಕ್ಕೆ ಹರಡಿಕೊಂಡು ಎಳೆಯ ಸೊಪ್ಪೊಂದು ಬೆಳೆದಿತ್ತು. ಅದರ ತುಂಬ ಸಾಸಿವೆಯ ಹೂವಿಗಿಂತ ಸಣ್ಣ ನೀಲಿ ಹೂವು. ನೀಲಿ ಅಂದರೆ ಕಣ್ಣಿಗೆ ಹೊಡೆಯುವ ನೀಲಿ, ನಡುವೆ ಕುಂಕುಮದ ಚುಕ್ಕೆ. ಎಳೆ ಕನ್ನೆ ಇರಬೇಕೆಂದು ಹತ್ತಿಪ್ಪತ್ತು ಕುಡಿ ಚಿವುಟಿ ಮಡಿಲಿಗೆ ಹಾಕಿಕೊಂಡೆ.

ಮನೆಗೆ ಬಂದು ಮೊರದಲ್ಲಿ ಸುರಿದಾಗ ಅಕ್ಕ ಅಭ್ಯಾಸದಂತೆ ಮುಂದೆ ಕುಳಿತು ಬೆರಳಾಡಿಸಿದಳು. ಯಾವಾಗಲೂ ಸೊಪ್ಪು ಸೋಸುವವಳು ಅವಳೇ. ನಾನು ಕಿತ್ತದ್ದರಲ್ಲಿ ಅರ್ಧ ಕಸವೆಂದು ಎಸೆಯುವುದು ಅವಳಿಗೊಂದು ಖುಷಿ.

"ಇದೇನೇ ಇದು?" ಎಂದು ಒಂದು ಕುಡಿ ಎತ್ತಿದಳು.

"ಕನ್ನೆ."

"ಕನ್ನೆ ದಂಟು ಹಿಂಗಿರಲ್ಲ. ಇದು ಬೆರಳಿಗೆ ಚೌಕ ಹತ್ತತೈತೆ."

"ಎಳೇದು ಅಕ್ಕ. ನೀಲಿ ಹೂವು ಐತೆ, ಕಣ್ಣಾರೆ ನೋಡೀನಿ. ನಿಂಗೆ ಕಣ್ಣು ಕಾಣಲ್ಲ, ಸುಮ್ನೆ ಕೂತ್ಕೋ."

"ಆತು ಬಿಡವ್ವ. ಓದಿದೋರು ನೀವು, ನೀವು ಹೇಳಿದ್ದೇ ಸರಿ" ಎಂದು ನಕ್ಕಳು.

ನಾನು ಒಳಗೆ ಹೋಗಿ ಖಾರ ರುಬ್ಬಿದೆ. ಹಿಂತಿರುಗಿ ಬಂದಾಗ ಮೊರದಲ್ಲಿ ಸೊಪ್ಪು ಗುಡ್ಡೆಯಾಗಿತ್ತು. ತೊಳೆದು, ಬೇಳೆಯೊಂದಿಗೆ ಬೇಯಿಸಿ ಮಸೆದೆ. ಸಾರು ಸ್ವಲ್ಪ ಕಹಿಯಾಗಿತ್ತು. "ಕಾಕಿ ಸೊಪ್ಪು ಜಾಸ್ತಿ ಹಾಕೀಯ" ಎಂದಳು ಅಕ್ಕ. ಮುದ್ದೆಗೆ ಎರಡು ಸಲ ಬಿಡಿಸಿಕೊಂಡು ಉಂಡಳು. ನಾನು ಬಸ್ಸಿನಲ್ಲಿ ಹೊಟ್ಟೆ ತೊಳಸುವ ಭಯಕ್ಕೆ ಒಂದೇ ಸೌಟು ಬಡಿಸಿಕೊಂಡೆ. ಭಾವ ಬೆಳಿಗ್ಗೆಯೇ ಕೂಲಿಗೆ ಹೋಗಿದ್ದರು. ಉಳಿದ ಸಾರನ್ನು ಸಂಜೆಗೆ ಮುಚ್ಚಿಟ್ಟು, ಅವಳ ಕಣ್ಣಿಗೆ ಮೂರು ಗಂಟೆಯ ಹನಿ ಹಾಕಿ ಹೊರಟೆ. ಬಾಗಿಲವರೆಗೂ ಬಂದವಳು, "ಮುಂದಿನ ಸಲ ಬರೋವಾಗ ಆ ಕಡೆ ಕಡ್ಲೆ ಸೊಪ್ಪು ಸಿಕ್ರೆ ತಗಂಬಾ" ಎಂದಳು. ಅದು ಅವಳು ನನಗೆ ತಿಳಿಯುವಂತೆ ಹೇಳಿದ ಕೊನೆಯ ಮಾತು.

ಮರುದಿನ ಹಾಸ್ಟೆಲ್ಲಿನಲ್ಲಿ ಉಪ್ಪಿಟ್ಟು ಕೆದಕುವಾಗ ಭಾವನ ಫೋನು ಬಂತು. ಬೆಳಗಿನ ಜಾವದಿಂದ ವಾಂತಿ, ಭೇದಿ. ನ್ಯಾಮತಿಯಲ್ಲಿ ತೋರಿಸಿದ್ದಾರೆ, ದೊಡ್ಡ ಆಸ್ಪತ್ರೆಗೆ ಹೋಗಿ ಎಂದಿದ್ದಾರೆ. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅವಳಿಗೆ ಮಾತು ತೊದಲುತ್ತಿತ್ತು. ನನ್ನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು, ಮೊರದಲ್ಲಿ ಸೊಪ್ಪು ನೋಡಿದ ಹಾಗೆ. ಮೂರನೇ ದಿನ ಮಧ್ಯಾಹ್ನ ಹೋದಳು.

ಡಾಕ್ಟರು ಏನು ತಿಂದಿದ್ದರು ಎಂದು ಕೇಳಿದ್ದರು. ಸೊಪ್ಪಿನ ಸಾರು ಎಂದೆ. ಯಾವ ಸೊಪ್ಪು ಎಂದರು. ನಾನು ಹೆಸರು ಹೇಳುತ್ತ ಹೋಗಿ ಕನ್ನೆಯವರೆಗೆ ಬಂದು ನಿಲ್ಲಿಸಿದೆ. ಅವರು ಬರೆದುಕೊಂಡರು. ಅಕ್ಕನಿಗೆ ಇದ್ದ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಮೊದಲೇ ಸೋತಿತ್ತು, ಅದರಿಂದಲೇ ಆಗಿರಬಹುದು, ತಿಂದದ್ದರಿಂದಲೂ ಆಗಿರಬಹುದು ಎಂದರು. ನಿಮಗೆ ಏನಾದರೂ ಅನುಮಾನವಿದ್ದರೆ ಹೇಳಿ, ಪೋಸ್ಟ್ ಮಾರ್ಟಂ ಮಾಡಬೇಕಾಗುತ್ತದೆ ಎಂದೂ ಹೇಳಿದರು.

"ಅನುಮಾನ ಏನಿಲ್ಲ ಸಾರ್. ಕೊಯ್ಯೋದು ಬ್ಯಾಡ" ಎಂದರು ಭಾವ.

ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ನಾನೂ ಬಾಯಿ ಬಿಡಲಿಲ್ಲ.

ಅಕ್ಕನಿಗೆ ಒಬ್ಬಳೇ ಮಗಳು, ಚನ್ನಗಿರಿಗೆ ಕೊಟ್ಟಿದೆ. ಮಣ್ಣು ಮುಗಿಸಿ ಬಂದ ಸಂಜೆ ಅವಳು ನನ್ನ ಪಕ್ಕ ಕುಳಿತು, "ಚಿಕ್ಕಮ್ಮ, ಆವತ್ತು ನಮ್ಮವ್ವ ಏನು ತಿಂದಿದ್ಲು?" ಎಂದು ಕೇಳಿದಳು. ಸೊಪ್ಪಿನ ಸಾರು ಎಂದೆ. "ನೀನೂ ತಿಂದಿದ್ಯಲ್ಲ?" ಎಂದಳು. ಅದರಲ್ಲಿ ಆಪಾದನೆಯ ಲವಲೇಶವೂ ಇರಲಿಲ್ಲ. ಲೆಕ್ಕ ಕೂಡದ ಮಗುವಿನ ಹಾಗೆ ಕೇಳಿದಳು. ಆಮೇಲೆ, "ಯಾವುದ್ರಿಂದ ಅಂತ ಗೊತ್ತಾದ್ರೆ ಹೇಳು ಚಿಕ್ಕಮ್ಮ. ನಂಗೂ ಮನೇಲಿ ಎರಡು ಮಕ್ಕಳದಾವೆ" ಎಂದಳು. ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಹಾಲು ತುಪ್ಪ ಬಿಟ್ಟು ಬಂದ ದಿನ, ಹಿತ್ತಿಲ ಬಚ್ಚಲ ಪಕ್ಕದಲ್ಲಿ ಪಾತ್ರೆ ತಿಕ್ಕಲು ಕುಳಿತೆ. ಅಲ್ಲೇ ಭಾನುವಾರ ಸೋಸಿದ ಸೊಪ್ಪಿನ ಕಸ ಬಿದ್ದಿತ್ತು. ಬೇರು, ಬಲಿತ ದಂಟು, ಹುಳ ತಿಂದ ಎಲೆ. ಅದರ ನಡುವೆ ಏಳು ಕುಡಿ, ಸೊರಗಿ ಸುತ್ತಿಕೊಂಡು, ಹೂವಿನ ನೀಲಿ ಮಾತ್ರ ಅಲ್ಪಸ್ವಲ್ಪ ಉಳಿದಿತ್ತು. ನಾನು ಅವನ್ನು ತೆಗೆದು ಹಾಕಿರಲಿಲ್ಲ. ನಾನು ಒಳಗೆ ಖಾರ ರುಬ್ಬುವಾಗ, ಕಣ್ಣು ಸರಿಯಾಗಿ ಕಾಣದ ಅಕ್ಕ ಬೆರಳಲ್ಲೇ ಹುಡುಕಿ ಹುಡುಕಿ ತೆಗೆದಿದ್ದಳು. ನನ್ನ ಜೊತೆ ವಾದ ಮಾಡಲಿಲ್ಲ, ನಾನು ಹೇಳಿದ್ದನ್ನು ನಂಬಲೂ ಇಲ್ಲ.

ನಾನು ಕಿತ್ತದ್ದು ಎಷ್ಟು? ಹತ್ತೋ, ಇಪ್ಪತ್ತೋ. ಆ ಏಳನ್ನು ಅವಳ ಕಣ್ಣಿನ ಹನಿಯ ಖಾಲಿ ರಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಿದೆ.

ಅಲ್ಲಿಂದ ಮುಂದೆ ಆ ಡಬ್ಬಿ ನನ್ನ ಕೈಚೀಲದಲ್ಲೇ ಇತ್ತು. ಅಕ್ಕನ ಮಗಳನ್ನು ನೋಡಲು ಚನ್ನಗಿರಿಗೆ ಹೋದಾಗ ಸಂತೇಬೆನ್ನೂರಿನ ಸಂತೆಗೆ ಹೋದೆ. ಅಲ್ಲಿ ಸೊಪ್ಪು ಮಾರುವ ಮುದುಕಿಯೊಬ್ಬರ ಮುಂದೆ ಕುಳಿತು ಡಬ್ಬಿ ಬಿಚ್ಚಿದೆ. ಅವರು ಕುಡಿಯನ್ನು ಮೂಸಿದರು, ತುದಿ ನಾಲಿಗೆಗೆ ಹಚ್ಚಿ ಉಗಿದರು.

"ಇದು ಸೊಪ್ಪಲ್ಲ ತಾಯಿ, ಕಸ. ನಮ್ಮ ಕಾಲದಾಗೆ ಇರ್ಲಿಲ್ಲ. ಯಾವ ಊರಿಂದ ಬಂತೋ ಏನೋ. ಇದನ್ಯಾಕೆ ಔಷಧಿ ಡಬ್ಬಿಯಾಗೆ ಇಟ್ಟೀಯ?"

"ಗುರುತು ಹಿಡಿಯಾಕೆ ಅಜ್ಜಿ."

"ಗುರುತು ಹಿಡಿದು ಏನು ಮಾಡ್ತೀಯ, ಸಂಬಂಧ ಬೆಳೆಸ್ತೀಯಾ? ಸರಿದು ಕೂತ್ಕೋ, ಗಿರಾಕಿಗೆ ಅಡ್ಡ ಆಗ್ತೀಯ" ಎಂದು ಮೆಂತ್ಯದ ಕಟ್ಟಿಗೆ ನೀರು ಚಿಮುಕಿಸಿದರು.

ಮಗಳ ಮನೆಯಲ್ಲಿ ಅವತ್ತು ಕೋಸಿನ ಪಲ್ಯ. ಹಿಂದಿನ ಸಲವೂ ಅದೇ. ಹಿತ್ತಿಲಲ್ಲಿ ಅಕ್ಕ ನೆಟ್ಟುಕೊಟ್ಟ ಹೊನಗೊನ್ನೆ ಇತ್ತಲ್ಲ ಎಂದೆ. ಕಿತ್ತು ಹಾಕಿಸಿದೆ ಎಂದಳು. ಗಂಡ ನುಗ್ಗೆ ಸೊಪ್ಪು ತಂದರೂ ದನಕ್ಕೆ ಹಾಕಿಬಿಡುತ್ತಾಳಂತೆ. ಮಕ್ಕಳಿಗೆ ಹಸಿರು ತೋರಿಸುವುದೇ ಬಿಟ್ಟಿದ್ದಳು.

ಹೊನ್ನಾಳಿಯಲ್ಲಿ ಬಸ್ಸು ಬದಲಿಸುವಾಗ ಒಮ್ಮೆ ಕೃಷಿ ಕಚೇರಿಗೂ ಹೋದೆ. ಚಿಕ್ಕ ವಯಸ್ಸಿನ ಅಧಿಕಾರಿ ಡಬ್ಬಿಯೊಳಗೆ ಬಗ್ಗಿ ನೋಡಿ, "ಯಾವ ಬೆಳೆಯಲ್ಲಿ ಬಂದೈತಮ್ಮ? ಜೋಳದಾಗಾ, ಕಡಲೆಯಾಗಾ? ಅದಕ್ಕೆ ತಕ್ಕಂಗೆ ಔಷಧಿ ಬರಕೊಡ್ತೀನಿ" ಎಂದರು.

"ಬೆಳೆಯಲ್ಲಲ್ಲ ಸಾರ್. ತಿಂದಿದ್ದು."

ಅವರು ಪೆನ್ನು ಕೆಳಗಿಟ್ಟರು. ಒಣಗಿದ್ದರಿಂದ ಹೇಳುವುದು ಕಷ್ಟ, ಹಸಿ ಗಿಡ ಸಿಕ್ಕರೆ ಬೇರು ಸಮೇತ ತನ್ನಿ ಎಂದು ಮೆತ್ತಗೆ ಹೇಳಿದರು. ಆಗ ಬೇಸಿಗೆ. ಅಕ್ಕನ ಊರಿನ ಬದುವಿನಲ್ಲಿ ಹುಲ್ಲು ಕೂಡ ಇರಲಿಲ್ಲ. ಮಳೆಗಾಲದಲ್ಲೂ ಹೋಗಿ ಹುಡುಕಿದೆ. ಕನ್ನೆ ಮೊಣಕಾಲುದ್ದ ಬೆಳೆದಿತ್ತು, ಅದು ಮಾತ್ರ ಎಲ್ಲೂ ಕಾಣಲಿಲ್ಲ. ಹಾಸ್ಟೆಲ್ಲಿನ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಗಿಡದ ಹೆಸರು ಹೇಳುವ ಆ್ಯಪ್ ಇದೆ ಎಂದು ಒಣಕುಡಿಯ ಫೋಟೋ ತೆಗೆದಳು. ಮೂರು ಸಲ ತೆಗೆದರೆ ಮೂರು ಹೆಸರು ಬಂತು. ಒಂದಂತೂ ಚಹಾಪುಡಿ. "ಆಂಟಿ, ಇದಕ್ಕೂ ಗೊತ್ತಿಲ್ಲ ಬಿಡ್ರಿ" ಎಂದು ಅವಳು ನಕ್ಕಳು. ನಾನೂ ನಕ್ಕೆ. ಅಕ್ಕ ಹೋದ ಮೇಲೆ ಮೊದಲ ಸಲ ನಕ್ಕೆನೆಂದು ಆಮೇಲೆ ಹೊಳೆದು ಬೇಜಾರಾಯಿತು.

ಕೊನೆಗೆ ಅದು ಸಿಕ್ಕಿದ್ದು ಜಗಳೂರಿನಲ್ಲೇ. ಹಾಸ್ಟೆಲ್ಲಿನ ಪಕ್ಕದ ಕಾಲೇಜಿನ ಮುಂದೆ ಆ ವರ್ಷ ಹುಲ್ಲುಹಾಸು ಮಾಡಿಸಿದ್ದರು. ಚಾಪೆಯ ಹಾಗೆ ಸುತ್ತಿದ ಹುಲ್ಲನ್ನು ಎಲ್ಲಿಂದಲೋ ಲಾರಿಯಲ್ಲಿ ತಂದು ಹಾಸಿದ್ದರು. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ, ಒಂದು ಬೆಳಿಗ್ಗೆ ಹತ್ತು ಗಂಟೆಗೆ ತರಕಾರಿ ತರಲು ಆ ದಾರಿಯಲ್ಲಿ ಹೋಗುವಾಗ ಹುಲ್ಲಿನ ಅಂಚಿನಲ್ಲಿ ನೀಲಿ ಕಂಡಿತು. ಕಾಲು ಅಲ್ಲೇ ನಿಂತಿತು. ನಡುವಿನ ಕುಂಕುಮದ ಚುಕ್ಕೆಯೂ ಹಾಗೇ ಇತ್ತು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಮೂರು ಗಂಟೆಗೆ ಮತ್ತೆ ಹೋದರೆ ಒಂದು ಹೂವೂ ಇಲ್ಲ. ಎಲ್ಲ ಮುಚ್ಚಿಕೊಂಡು ಬರಿ ಹಸಿರಾಗಿತ್ತು. ಮರುದಿನ ಬಿಸಿಲೇರಿದ ಮೇಲೆ ತಿರುಗಿ ಅರಳಿತು.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ ಮೇಡಂ ಒಬ್ಬರಿದ್ದಾರೆ. ಹಾಸ್ಟೆಲ್ಲಿನ ಹುಡುಗಿಯ ಜೊತೆ ಅವರ ಹತ್ತಿರ ಹೋದೆ. ಅವರು ನನ್ನನ್ನು ಹುಲ್ಲಿನ ಮೇಲೆ ಕೂರಿಸಿಕೊಂಡು, ಒಂದು ಗಿಡ ಕಿತ್ತು ನನ್ನ ಕೈಗೇ ಕೊಟ್ಟರು.

"ದಂಟು ಹೊರಳಿಸಿ ನೋಡ್ರಿ. ಹೆಂಗೈತೆ?"

"ಚೌಕ ಐತೆ ಮೇಡಂ."

ದಂಟನ್ನು ಇನ್ನೊಮ್ಮೆ ಬೆರಳುಗಳ ನಡುವೆ ಹೊರಳಿಸಿದೆ. ಎಲೆಗಳು ಎರಡೆರಡಾಗಿ ಎದುರು ಬದುರು ಕೂತಿದ್ದವು, ತೊಟ್ಟೇ ಇಲ್ಲ. ಎಲೆ ಮಗುಚಿದರೆ ಕೆಳಗೆ ಮೆಣಸಿನ ಪುಡಿ ಉದುರಿದಂತೆ ಕಪ್ಪು ಚುಕ್ಕೆ. ಹೂವಿಗೆ ಐದು ದಳ, ಕೂದಲಿನಂಥ ಉದ್ದ ತೊಟ್ಟು. ಕಾಯಿ ಬಲಿತ ಮೇಲೆ ತೊಟ್ಟು ಕೆಳಗೆ ಬಾಗುತ್ತದೆ. ಕೊತ್ತಂಬರಿ ಕಾಳಿಗಿಂತ ಸಣ್ಣ, ಗುಂಡನೆಯ ಆ ಕಾಯಿಯನ್ನು ಅವರು ಉಗುರಿನಿಂದ ಮುಟ್ಟಿದರು. ಕುಂಕುಮದ ಭರಣಿಯ ಮುಚ್ಚಳ ತೆಗೆದಂತೆ ಅದರ ಮೇಲರ್ಧ ಕಳಚಿ ಬಿತ್ತು. ಒಳಗೆ ರಾಗಿಗಿಂತ ಸಣ್ಣ ಬೀಜ.

ಕನ್ನೆಯ ಎಲೆ ಒಂದಾದ ಮೇಲೊಂದು ಬರುತ್ತದೆ, ಬುಡದಲ್ಲಿ ದಂಟನ್ನು ರವಿಕೆಯ ತೋಳಿನ ಹಾಗೆ ಸುತ್ತಿಕೊಂಡಿರುತ್ತದೆ. ಅದರ ಹೂವು ಮಡಿಚಿದ ದೊನ್ನೆಯಂಥದರಿಂದ ಹೊರಗೆ ಇಣುಕುತ್ತದೆ. ಇವೆರಡಕ್ಕೂ ಬಣ್ಣ ಬಿಟ್ಟರೆ ಒಂದೇ ಒಂದು ಹೋಲಿಕೆಯಿರಲಿಲ್ಲ. ಒಂದು ನಿಮಿಷ ನೋಡಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು.

ಇದರ ಹೆಸರು ಸ್ಕಾರ್ಲೆಟ್ ಪಿಂಪರ್ನೆಲ್ ಎಂದರು ಮೇಡಂ. ಹೆಸರಿನಲ್ಲಿ ಕೆಂಪು ಇದೆ, ಕೆಲವು ಕಡೆ ಹೂವು ಕೆಂಪಗೇ ಬರುತ್ತದೆ, ಇಲ್ಲಿ ಬಂದಿರುವುದು ನೀಲಿ. ಇದು ಈ ನೆಲದ್ದಲ್ಲ, ಯುರೋಪಿನ ಕಡೆಯಿಂದ ಬಿತ್ತನೆ ಬೀಜದಲ್ಲೋ ಹುಲ್ಲಿನಲ್ಲೋ ಸೇರಿಕೊಂಡು ದೇಶ ದೇಶ ತಿರುಗಿದ ಕಳೆ. ಕನ್ನಡದಲ್ಲಿ ಏನಂತಾರೆ ಎಂದು ಕೇಳಿದೆ. ನನಗೆ ಗೊತ್ತಿಲ್ಲ ಎಂದರು. ಅವ್ವನ ಮಾತು ಈ ಗಿಡ ಬರುವುದಕ್ಕೆ ಮೊದಲಿನದು. ಅವಳ ಮೇಲೆ ತಪ್ಪು ಹೊರಿಸಲಾರೆ.

ನಾನು ಡಬ್ಬಿ ಬಿಚ್ಚಿ, ಎಲ್ಲವನ್ನೂ ಹೇಳಿದೆ. ಮೇಡಂ ಒಂದು ಒಣಕುಡಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ಇದು ವಿಷದ ಗಿಡ ಹೌದು. ಕುರಿ, ದನ ಜಾಸ್ತಿ ಮೇದ್ರೆ ಕಿಡ್ನಿಗೆ ಏಟು. ಆದ್ರೆ ನಾಲ್ಕು ಕುಡಿ ಬೇಯಿಸಿ ತಿಂದ ಮನುಷ್ಯರು ಸಾಯ್ತಾರೆ ಅಂತ ನಾನು ಹೇಳಾಕಾಗಲ್ಲ. ಸಾಯಲ್ಲ ಅಂತಾನೂ ಹೇಳಾಕಾಗಲ್ಲ" ಎಂದರು. ಒಣಕುಡಿಯನ್ನು ಮತ್ತೆ ಬೆಳಕಿಗೆ ಹಿಡಿದು, "ಮತ್ತೊಂದು ನೋಡ್ರಿ. ಇವು ಪಾತ್ರೆಗೆ ಹೋಗದೇ ಇರೋವು. ಪಾತ್ರೆಗೆ ಏನು ಹೋತು ಅನ್ನೋದನ್ನ ಇವು ಹೇಳಲ್ಲ. ನಿಮ್ಮಕ್ಕ ಎಲ್ಲಾನೂ ತೆಗೆದಿರಬಹುದು" ಎಂದರು. ನೀವೂ ತಿಂದಿದ್ದೀರಿ, ನಿಮಗೆ ಏನೂ ಆಗಿಲ್ಲವಲ್ಲ ಎಂದೂ ಸಮಾಧಾನ ಹೇಳಿದರು. ನಾನು ತಿಂದದ್ದು ಒಂದು ಸೌಟು.

ವರ್ಷದ ಎಡೆಗೆ ಅಕ್ಕನ ಊರಿಗೆ ಹೋದಾಗ ಹಸಿ ಗಿಡವೊಂದನ್ನು ಬೇರು ಸಮೇತ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಎಡೆಯಿಟ್ಟು ನೆಂಟರು ಹೋದ ಮೇಲೆ, ಮಗಳು ಒಳಗೆ ಮಕ್ಕಳಿಗೆ ಉಣ್ಣಿಸುತ್ತಿದ್ದಳು. ಭಾವ ಜಗಲಿಯ ಮೇಲೆ ಕುಳಿತಿದ್ದರು. ನಾನು ಬಟ್ಟೆ ಬಿಚ್ಚಿ ಅವರ ಮುಂದಿಟ್ಟೆ.

"ಭಾವ, ಆವತ್ತು ನಾನು ಕಿತ್ತಿದ್ದರಾಗೆ ಇದಿತ್ತು. ಅಕ್ಕ ಬ್ಯಾಡ ಅಂದ್ಲು. ನಾನು ಕೇಳಲಿಲ್ಲ."

ಅವರು ಗಿಡವನ್ನು ನೋಡಲಿಲ್ಲ. "ಇದನ್ನ ಎಲ್ಲಿ ಕಿತ್ತಿದ್ದೆ?" ಎಂದರು.

"ಕೆಳಗಿನ ಹೊಲದ ಬದುವಿನ ಮಗ್ಗುಲಲ್ಲಿ. ಹುಣಸೆ ಮರದ ಹತ್ತಿರ."

"ಎಲ್ಲಾ ಸೊಪ್ಪೂ ಅಲ್ಲೇ ಕಿತ್ತಿದ್ದಾ?"

"ಮುಕ್ಕಾಲು ಪಾಲು ಅಲ್ಲೇ. ತೇವ ಇತ್ತಲ್ಲ."

ಭಾವ ತಲೆಯ ಮೇಲಿನ ಟವೆಲ್ ತೆಗೆದು ಮೊಣಕಾಲಿಗೆ ಸುತ್ತಿಕೊಂಡರು. ಅವರು ಊರವರ ಹೊಲ ತೋಟಗಳಿಗೆ ಔಷಧಿ ಹೊಡೆಯುವ ಕೂಲಿ ಮಾಡುತ್ತಾರೆ, ಇದು ಎಲ್ಲರಿಗೂ ಗೊತ್ತಿರುವುದೇ.

"ಆ ತೇವ ಇಬ್ಬನೀದಲ್ಲವ್ವ" ಎಂದರು. "ಶನಿವಾರ ಕಳೆ ಔಷಧಿ ಹೊಡೆದು, ಪಂಪು ಅಲ್ಲೇ ತೊಳೆದೆ. ಉಳಿದಿದ್ದನ್ನೂ ಅಲ್ಲೇ ಚೆಲ್ಲಿದೆ. ಕಣ್ಣು ಆಪರೇಷನ್ ಆದೋಳು ಹೊಲಕ್ಕೆ ಎಲ್ಲಿ ಬರ್ತಾಳೆ ಅಂದ್ಕಂಡೆ. ಭಾನುವಾರ ಸಂಜೆ ನಾನು ಬರೋ ಹೊತ್ತಿಗೆ ಸಾರೆಲ್ಲಾ ಉಂಡು ಪಾತ್ರೆ ತೊಳೆದು ಕೂತಿದ್ಲು. ತಂಗಿ ಸೊಪ್ಪಿನ ಸಾರು ಮಾಡಿಟ್ಟು ಹೋಗ್ಯಾಳೆ, ಹುಣಸೆ ಮರದ ತಾವ ಕಿತ್ತಿದ್ದು, ಅಂದ್ಲು. ಏನೂ ಆಗಲ್ಲ ಬಿಡು ಅಂತ ನನಗೆ ನಾನೇ ಹೇಳ್ಕಂಡೆ."

"ಆಸ್ಪತ್ರೇಲಿ..." ಎಂದೆ.

"ಆಸ್ಪತ್ರೇಲಿ ಅದಕ್ಕೇ ಬ್ಯಾಡ ಅಂದೆ. ನೀನು ವರ್ಷ ಪೂರ್ತಿ ಆ ಡಬ್ಬಿ ಹಿಡ್ಕಂಡು ಊರೂರು ತಿರುಗಿದ್ದು ನಂಗೊತ್ತು. ತಪ್ಪು ಹೂವಿನ ಮೇಲೆ ಹೋಗ್ಲಿ ಅಂತ ಸುಮ್ನಿದ್ದೆ."

ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೊದಲು ಬಂದದ್ದು, ಹಾಗಾದರೆ ನಾನಲ್ಲವೇನೋ ಎಂಬ ಯೋಚನೆ. ಅದು ಬಂದ ಕೂಡಲೇ ಎದೆಯಲ್ಲಿ ಹಗುರವಾಯಿತು. ಆ ಹಗುರಕ್ಕೆ ನಾಚಿಕೆಯಾಗಿ ಅವರ ಮುಖ ನೋಡಿದೆ. ಅವರೂ ಆಗ ಬಟ್ಟೆಯ ಮೇಲಿನ ಗಿಡವನ್ನು ನೋಡುತ್ತಿದ್ದರು, ತಾನಲ್ಲವೇನೋ ಎಂಬ ಅದೇ ಆಸೆಯಿಂದ. ಬಿಸಿಲು ಇಳಿದು ಅದರ ಹೂವೆಲ್ಲ ಮುಚ್ಚಿತ್ತು.

ಮಗಳು ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಏನದು ಚಿಕ್ಕಮ್ಮ?" ಎಂದಳು.

"ಕಸ" ಎಂದೆ. ಭಾವ ಎದ್ದು ಬಚ್ಚಲ ಕಡೆ ಹೋದರು.

ಗಿಡದ ಹೆಸರು ಈಗ ನನಗೆ ಗೊತ್ತು. ಚಳಿಗಾಲದಲ್ಲಿ ಎಲ್ಲಿ ಕಂಡರೂ, ಹೂವಿಲ್ಲದಿದ್ದರೂ, ದಂಟು ಮುಟ್ಟಿ ಹೇಳಬಲ್ಲೆ. ಜಗಳೂರಿನ ಹುಲ್ಲುಹಾಸಿನಲ್ಲಿ ಅದು ಈ ವರ್ಷ ಇನ್ನಷ್ಟು ಹಬ್ಬಿದೆ. ನ್ಯಾಮತಿಯ ಬಸ್ ನಿಲ್ದಾಣದ ಹಿಂದೆಯೂ ಒಂದು ಮಡಿಯಷ್ಟು ಕಂಡೆ. ಹಾಸ್ಟೆಲ್ಲಿಗೆ ಬರುವ ಸೊಪ್ಪನ್ನು ನಾನೇ ಕುಳಿತು ಎಲೆ ಎಲೆಯಾಗಿ ಸೋಸುತ್ತೇನೆ. ಆದರೆ ಆ ಭಾನುವಾರದ ಸಾರಿನ ಪಾತ್ರೆಯನ್ನು ಅಕ್ಕ ಅಂದೇ ಸಂಜೆ ಉಂಡು ತೊಳೆದಿಟ್ಟಿದ್ದಳು. ಅವಳನ್ನು ಕೊಂದದ್ದು ನನ್ನ ಹೂವೋ, ಭಾವನ ಪಂಪಿನ ನೀರೋ, ಅವಳದೇ ಕಾಯಿಲೆಯೋ, ನಮಗಿಬ್ಬರಿಗೂ ತಿಳಿಯಲಿಲ್ಲ. ಮಗಳಿಗೆ ಕೊಡುತ್ತೇನೆಂದ ಉತ್ತರ ನನ್ನ ಹತ್ತಿರ ಇನ್ನೂ ಇಲ್ಲ.